ಮೊದಲೇ ಹೇಳಲು ಬಂದವರು

ಸುಬೇದಾರರಿಗೆ ಎಡಗಿವಿ ಅರ್ಧವೇ ಇತ್ತು, ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅವರನ್ನು ಬೈಯಬೇಕೆನಿಸಿದಾಗ ನಾವು ಅಕ್ಕಪಕ್ಕದ ಹೆಂಗಸರು ಆ ಕಡೆ ನಿಂತು ಬೈಯುತ್ತಿದ್ದೆವು. ಬೆಳಿಗ್ಗೆ ಡೈರಿಗೆ ಹಾಲು ಒಯ್ಯುವಾಗ ಡಾಮರು ರಸ್ತೆ ಬಿಟ್ಟು ಬದಿಯ ಹುಲ್ಲಿನಲ್ಲೇ ನಡೆಯುತ್ತಿದ್ದರು. "ರಸ್ತೆ ಯಾರಿಗೆ ಮಾಡಿದ್ದು ಮಾರಾಯ್ರೇ?" ಎಂದರೆ ನಕ್ಕು ಮುಂದೆ ಹೋಗುತ್ತಿದ್ದರು.

ಯುದ್ಧದ ಮಾತನ್ನು ಅವರು ಎತ್ತುತ್ತಿರಲಿಲ್ಲ. ನನಗೆ ಹೇಳಿದ್ದು ಅವರ ಹೆಂಡತಿ. ಶ್ರೀಲಂಕಾದ ಅಂತರ್ಯುದ್ಧಕ್ಕೆ ನಮ್ಮ ಸೇನೆ ಹೋಗಿದ್ದಾಗ ಇವರ ಕೈಕೆಳಗೆ ಒಂದು ಪ್ಲಟೂನ್ ಇತ್ತಂತೆ. ಅಲ್ಲಿ ರಸ್ತೆಯಡಿ ಮೈನ್ ಹೂತಿಡುತ್ತಿದ್ದುದರಿಂದ ಗದ್ದೆಯಲ್ಲೇ ನಡೆಯಬೇಕು. ಒಂದು ದಿನ, ರಸ್ತೆಯಲ್ಲೇ ಹೋಗಿ ಸೇತುವೆಯನ್ನು ಬೇಗ ಹಿಡಿಯಿರಿ ಎಂದು ವೈರ್‌ಲೆಸ್‌ನಲ್ಲಿ ಆದೇಶ ಬಂತು. ಇವರು ಬೇಡವೆಂದರು, ಮೇಲಿನವರು ಕೇಳಲಿಲ್ಲ. ಎಲ್ಲರಿಗಿಂತ ಮುಂದೆ ಯಾರು ನಡೆಯಬೇಕೆಂದು ಆರಿಸಿದ್ದು ಇವರೇ. ಮೈನ್ ಸಿಡಿದು, ಮುಂದೆ ನಡೆದ ಆ ಸಿಪಾಯಿ ಹುಡುಗ ಸತ್ತ, ಇವರ ಕಿವಿ ಹೋಯಿತು. ರಜೆಯಲ್ಲಿ ಬಂದವರು ತಮ್ಮ ಮನೆಗೂ ಮೊದಲು ಕೊಕ್ಕಡದ ಕಡೆಯ ಅವನ ಮನೆಗೆ ಹೋದರು. "ಮೊದಲೇ ನನಗೊಂದು ಮಾತು ಹೇಳಬಹುದಿತ್ತಲ್ಲಾ?" ಎಂದು ಅವನ ತಾಯಿ ಕೇಳಿದಳಂತೆ. ಯುದ್ಧದಲ್ಲಿ ಯಾರು ಯಾರ ತಾಯಿಗೆ ಹೇಳಿಯಾರು!

ಕೆಲವು ವರ್ಷಗಳ ಹಿಂದೆ ಬಂಟ್ವಾಳದಾಚೆಯ ನಮ್ಮ ಪೇಟೆಯಲ್ಲಿ ಮತ್ತೆ ಕೋಮು ಗಲಾಟೆ. ಮತ್ತೆ ಅಂಗಡಿ ಬಂದ್, ಮತ್ತೆ ಪೊಲೀಸ್ ವ್ಯಾನು. ನೋಡಿ ನೋಡಿ ನನಗಂತೂ ಸಿಟ್ಟು ಬರುವಷ್ಟು ಶಕ್ತಿಯೂ ಉಳಿದಿರಲಿಲ್ಲ. ನಮ್ಮ ಕಡೆಯ ಹುಡುಗರು ಸುಬೇದಾರರ ಜಗಲಿಯಲ್ಲಿ ಕುಳಿತು, ಆಚೆಯವರ ಓಣಿಗೆ ನುಗ್ಗುವ ಉಪಾಯ ಕೇಳಿದರಂತೆ.

"ಹೇಳ್ತೇನೆ. ಎಲ್ಲರಿಗಿಂತ ಎದುರಿಗೆ ಹೋಗುವುದು ಯಾರು?"

ಕೈ ಎತ್ತಿದವನು ನನ್ನ ಮಗ.

ಮಧ್ಯಾಹ್ನ ನಾನು ಅಂಗಳದಲ್ಲಿ ಮೀನು ಶುಚಿ ಮಾಡುತ್ತಿದ್ದೆ. ಸುಬೇದಾರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಹಿಂದೆ ತಲೆ ತಗ್ಗಿಸಿಕೊಂಡು ಮಗ.

"ಅಕ್ಕಾ, ಗಲಾಟೆಗೆ ಇವ ಎದುರಿಗೆ ಹೋಗ್ತಾನಂತೆ. ಏನೂ ಆಗಬಹುದು. ನಿಮಗೆ ಮೊದಲೇ ಹೇಳುವ ಅಂತ ಬಂದೆ."

ಮೀನಿನ ಕೈಯಲ್ಲೇ ಮಗನ ಕಾಲರ್ ಹಿಡಿದೆ. ಸುಬೇದಾರರಿಗೂ ಬಾಯಿಗೆ ಬಂದಂತೆ ಬೈದೆ, ಆ ಸಲ ಬಲಗಿವಿಯ ಕಡೆಯೇ ನಿಂತು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮಗನಿಗೆ, "ಕೇಳಿತಲ್ಲ? ಬಾ, ಉಳಿದವರ ಮನೆಗೂ ಹೋಗುವ" ಎಂದರು. ಮುಂದಿನ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಹರಡಿ, ಜಗಲಿಯಲ್ಲಿದ್ದ ಹುಡುಗರೆಲ್ಲ ಚದುರಿಹೋಗಿದ್ದರು.

ಹೋದ ತಿಂಗಳು ಸುಬೇದಾರರು ತೀರಿಕೊಂಡರು. ನನ್ನ ಮಗ ಇವತ್ತು ಕಣ್ಣೆದುರಿಗಿದ್ದಾನೆ ಎಂದರೆ ಅದು ಅವರ ಋಣ. ಮಕ್ಕಳಿಲ್ಲದ ಮನೆ, ಚಟ್ಟಕ್ಕೆ ಮುಂದಿನ ಹೆಗಲು ಯಾರು ಕೊಡುವುದು ಎಂದು ಯಾರೋ ಕೇಳಿದರು. ಮಗ ಹೆಜ್ಜೆ ಇಡದೆ ನನ್ನ ಮುಖ ನೋಡಿದ.

"ಹೋಗು ಮಗಾ" ಎಂದೆ.