ಉತ್ತರಕ್ಕೆ ಮುಖ ಮಾಡಿದ ಗಾಜು

ಅಪ್ಪ ಲಂಡನ್ನಿನ ಇಲ್ಫರ್ಡಿನಲ್ಲಿದ್ದ ನಮ್ಮ ಮನೆಗೆ ಆರು ತಿಂಗಳ ವೀಸಾದ ಮೇಲೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಬೆಳಗಾವಿ ಕಡೆಯ ಬಟ್ಟೆ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವರು. ಆ ಸದ್ದಿಗೆ ಕಿವಿ ಮಂದವಾಗಿ, ಮಾತು ಯಾವಾಗಲೂ ಜೋರು. ರಸ್ತೆಯಲ್ಲಿ ಅವರ ಜೊತೆ ನಡೆಯಲು ನನಗೆ ಮುಜುಗರವಾಗುತ್ತಿತ್ತು.

ಸ್ಟೇಷನ್ನಿನ ದಾರಿಯಲ್ಲಿ ಬಾಗಿಲು ಮುಚ್ಚಿದ ಹಳೆಯ ಕಾರ್ಖಾನೆಯೊಂದಿತ್ತು. ಮಸಿ ಹಿಡಿದ ಇಟ್ಟಿಗೆ, ಗರಗಸದ ಹಲ್ಲಿನಂಥ ಚಾವಣಿ. ಆರು ವರ್ಷ ಅದರ ಮುಂದೆ ಹಾದರೂ ನಾನು ತಲೆ ಎತ್ತಿ ನೋಡಿದವಳಲ್ಲ. ಅಪ್ಪ ಮೊದಲ ವಾರವೇ ಅದರೆದುರು ನಿಂತುಬಿಟ್ಟರು.

"ನೋಡವಾ, ಚಾವಣಿ ಗಾಜೆಲ್ಲಾ ಉತ್ತರಕ್ಕ ಮಾರಿ ಮಾಡ್ಯಾವ. ಕೆಲಸದ ಮ್ಯಾಲ ಬಿಸಲು ಬೀಳಬಾರದು, ಬೆಳಕಷ್ಟ ಬೇಕು. ನಮ್ಮ ಗಿರಣ್ಯಾಗೂ ಹಿಂಗ ಇತ್ತು. ಒಳಗ ನಿಂತ್ರ ನೆರಳ ಕಾಣ್ತಿರಲಿಲ್ಲ."

"ಅಪ್ಪಾ, ಟ್ರೇನ್ ಹೊಕ್ಕೈತಿ," ಎಂದೆ.

ಆದರೆ ಆಮೇಲಿನ ಸಂಜೆಗಳಲ್ಲಿ ನಾನೂ ನಿಲ್ಲತೊಡಗಿದೆ. ಕಿಟಕಿಗಳ ಮೇಲೆ ಇಟ್ಟಿಗೆಗಳನ್ನು ಒಂದಕ್ಕೊಂದು ಒರಗಿಸಿ ಕಮಾನು ಕಟ್ಟಿದ್ದನ್ನು ಅಪ್ಪ ಬೆರಳೆತ್ತಿ ತೋರಿಸುತ್ತಿದ್ದರು. ಚೆಂದವಿತ್ತು.

ಒಂದು ದಿನ ದೀಪದ ಕಂಬಕ್ಕೆ ಕಟ್ಟಿದ್ದ ನಗರ ಕೌನ್ಸಿಲ್ಲಿನ ಹಳೆಯ ನೋಟಿಸು ಕಣ್ಣಿಗೆ ಬಿತ್ತು. ಕಾರ್ಖಾನೆ ಕೆಡವಿ ಫ್ಲ್ಯಾಟು ಕಟ್ಟುತ್ತಾರಂತೆ.

"ಕೆಡವಬ್ಯಾಡ್ರಿ ಅಂತ ಒಂದು ಅರ್ಜಿ ಬರಿಯವಾ. ನಿನಗ ಇಂಗ್ಲಿಷ್ ಬರ್ತೈತಲ್ಲ," ಎಂದರು ಅಪ್ಪ.

ಬರೆದೆ. ಉತ್ತರ ಬರಲಿಲ್ಲ. ಫೋನ್ ಮಾಡಿದಾಗ ಹೆಂಗಸೊಬ್ಬಳು ಬಹಳ ವಿನಯದಿಂದ, ಅದು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿಲ್ಲ, ಆಕ್ಷೇಪಣೆಯ ಅವಧಿಯೂ ಮುಗಿದಿದೆ ಎಂದಳು. ಅಪ್ಪ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು.

"ಆಗೂದಿಲ್ಲಂತ ಅಪ್ಪಾ."

"ಇನ್ನೊಮ್ಮೆ ಕೇಳು. ಅವರು ಒಳಗ ಹೋಗಿ ನೋಡಿಲ್ಲ, ಅದಕ್ಕ ಹಂಗಂತಾರ."

ಇನ್ನೊಮ್ಮೆ ಕೇಳಿದೆ. ಅದೇ ವಿನಯ, ಅದೇ ಉತ್ತರ.

ಯಂತ್ರಗಳು ಬಂದ ಮೇಲೆ ಅಪ್ಪ ದಿನವೂ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಒಂದು ಶನಿವಾರ ನಾನೂ ಹೋದೆ. ನಮ್ಮ ಕಣ್ಣೆದುರೇ ರಸ್ತೆ ಕಡೆಯ ಗೋಡೆ ಕುಸಿಯಿತು. ದೂಳು ಇಳಿದಾಗ ಒಳಗೆಲ್ಲ ಕಂಡಿತು: ಸಾಲು ಸಾಲು ಕಬ್ಬಿಣದ ಕಂಬ, ಮೇಲಿನಿಂದ ಹಾಲಿನಂತೆ ಇಳಿದ ಬೆಳಕು. ಒಂದು ಕಂಬಕ್ಕೂ ನೆರಳಿರಲಿಲ್ಲ. ಅಷ್ಟು ದೊಡ್ಡ, ಅಷ್ಟು ಶಾಂತವಾದ ಕೋಣೆಯನ್ನು ನಾನು ಕಂಡೇ ಇರಲಿಲ್ಲ. "ನಿಲ್ಲಿಸಿ" ಎಂದು ಕೂಗಬೇಕೆನಿಸಿತು. ಯಾರಿಗೆ ಕೂಗುವುದು? ಯಂತ್ರದ ತೋಳು ಆಗಲೇ ಚಾವಣಿಗೆ ತಾಗಿತ್ತು. ಗಾಜು ಪುಡಿಯಾಗಿ ಸುರಿಯಿತು.

"ನಡಿಯವಾ," ಎಂದರು ಅಪ್ಪ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅವರು ಊರಿಗೆ ಹೊರಡಲು ಇನ್ನೂ ಐದು ವಾರವಿತ್ತು. ಆ ಐದು ವಾರವೂ ನಾವು ಸುತ್ತು ಹಾಕಿ ಬೇರೆ ರಸ್ತೆಯಿಂದಲೇ ಸ್ಟೇಷನ್ನಿಗೆ ಹೋದೆವು.