ಓದದೆ ಬಿಟ್ಟ ಸಾಲು

ನಿಂಗಮ್ಮಕ್ಕನ ಹಾಡಿನಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲವೆಂದು ಗೊತ್ತಿದ್ದೂ, ಹತ್ತು ಮಂದಿಯ ಎದುರು ಪುಸ್ತಕ ಹಿಡಿದು, ತಪ್ಪಿದೆ ಎಂದವನು ನಾನು. ಹನ್ನೆರಡು ವರ್ಷಗಳಾದವು. ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ — ಹೆಂಡತಿಗೂ.

ನಾನು ಸಗರದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಸೋಮವಾರ ಸಂಜೆ ಹನುಮಪ್ಪನ ಗುಡಿಯ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಹೊಟ್ಟೆಪಾಡಿಗಲ್ಲ, ಖುಷಿಗೆ. ಅಲ್ಲಿ ಎಲ್ಲರೂ ಹಾಗೆಯೇ. ಡೋಲಕ್ ಬಾರಿಸುವ ಮರೆಪ್ಪ ಹಗಲು ಗಾರೆ ಕೆಲಸದವನು, ನಿಂಗಮ್ಮಕ್ಕ ಹೊಲದ ಕೂಲಿಗೆ ಹೋಗುವವರು. ಖುಷಿಗೆ ಹಾಡುವವರಿಗೂ ಸಂಗೀತಶಾಸ್ತ್ರ ಬೇಕೇ ಎಂದು ಆಗ ಯಾರಾದರೂ ಕೇಳಿದ್ದರೆ, ಬೇಕೇ ಬೇಕು ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಏಕೆಂದರೆ ಗುಂಪಿನಲ್ಲಿ ಅದನ್ನು ಕಲಿಯುತ್ತಿದ್ದವನು ನಾನೊಬ್ಬನೇ. ಪ್ರತಿ ಭಾನುವಾರ ಬಸ್ಸು ಹಿಡಿದು ಸುರಪುರಕ್ಕೆ ಹೋಗಿ ಹಿರಿಯ ಗವಾಯಿಗಳೊಬ್ಬರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದೆ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿತ್ತು. ಅಲ್ಪವಿದ್ಯಾ ಮಹಾಗರ್ವಿ ಎಂಬ ಮಾತನ್ನು ಮಕ್ಕಳಿಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ನನಗಾಗಿ ಒಮ್ಮೆಯೂ ಓದಿಕೊಂಡಿರಲಿಲ್ಲ.

ನಿಂಗಮ್ಮಕ್ಕನಿಗೆ ಅಕ್ಷರ ಬರುವುದಿಲ್ಲ. ತವರು ನಾರಾಯಣಪುರದ ಹತ್ತಿರ, ಹೊಳೆದಂಡೆಯ ಊರು. ಅವರ ಅವ್ವ ಬಲೆ ಹೆಣೆಯುತ್ತ ಹಾಡುತ್ತಿದ್ದ ಒಂದು ಪದವನ್ನು ಅಕ್ಕ ಭಜನೆಯಲ್ಲಿ ಹಾಡುತ್ತಿದ್ದರು. ಆ ಪದಕ್ಕಾಗಿಯೇ ಶಹಾಪುರದ ಮದುವೆ ಮನೆಗಳಿಂದಲೂ ಅವರಿಗೆ ಕರೆ ಬರುತ್ತಿತ್ತು. ಎರಡನೆಯ ಸಾಲಿನಲ್ಲಿ ದನಿ ಗಾಂಧಾರಕ್ಕೆ, ಸರಿಗಮದ ಗ ಸ್ವರಕ್ಕೆ, ಬಂದು ನಿಲ್ಲಬೇಕು. ಅವರದು ನಿಲ್ಲುತ್ತಿತ್ತು — ಆದರೆ ಎಲ್ಲಿ? ಪೇಟಿಯ ಕರಿ ಪಟ್ಟಿ ಒತ್ತಿದರೆ ಅದಕ್ಕಿಂತ ಕೊಂಚ ಮೇಲೆ. ಪಕ್ಕದ ಬಿಳಿ ಪಟ್ಟಿ ಒತ್ತಿದರೆ ಕೊಂಚ ಕೆಳಗೆ. ಕೇಳುವವರ ಕಣ್ಣಲ್ಲಿ ನೀರಾಡುತ್ತಿತ್ತು, ನನ್ನ ಬೆರಳು ಮಾತ್ರ ಆ ಕಡೆ ಈ ಕಡೆ ತಡಕಾಡುತ್ತಿತ್ತು.

ಒಂದು ಸೋಮವಾರ ಮರೆಪ್ಪ ಅಂದ, "ಮಾಸ್ತರ್ರ, ಪೇಟಿ ಅಕ್ಕನ ಬೆನ್ನ ಹತ್ತಿ ಓಡಾಕತ್ತದ. ಅಕ್ಕ ಕೈಗಿ ಸಿಗವಲ್ಲಳು ನೋಡ್ರಿ." ಎಲ್ಲರೂ ನಕ್ಕರು. ಅಕ್ಕನೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಆ ಭಾನುವಾರ ಗವಾಯಿಗಳನ್ನು ಕೇಳಿದೆ — ಅವರು ತಪ್ಪು ಎನ್ನಲಿ ಎಂದೇ ಕೇಳಿದ್ದು. ಹಾಡಿ ತೋರಿಸಲು ನನಗೆ ಬರಲಿಲ್ಲ. ಕರಿ ಪಟ್ಟಿ ಒತ್ತಿ, ಬಿಳಿ ಪಟ್ಟಿ ಒತ್ತಿ, ಇವೆರಡರ ನಡುವೆ ಎಲ್ಲೋ ನಿಲ್ಲುತ್ತಾರೆ ಎಂದು ವಿವರಿಸಿದೆ. ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಎರಡು ಪಟ್ಟಿ ನಡುವ ಭಾಳ ಜಾಗ ಅದಪಾ. ಪೇಟಿಯಾಗ ಇಲ್ಲಂದ್ರ ಹಾಡಿನ್ಯಾಗ ಇರಬಾರದೇನು? ಆಕಿ ಕಿವಿ ಸರಿ ಅದ, ಆಕಿಗಿ ಏನೂ ಹೇಳಬ್ಯಾಡ" ಎಂದರು.

ಮಾರನೆಯ ದಿನವೇ ಸೋಮವಾರ. ಬಲ್ಲವರ ಬಾಯಿಂದ ಉತ್ತರ ಕೇಳಿ ಬಂದವನು, ಆದರೂ ಶಾಸ್ತ್ರದ ಪುಸ್ತಕ ಹಿಡಿದು ಗುಡಿಗೆ ಹೋದೆ. ಅಕ್ಕ ಹಾಡಿ ಮುಗಿಸಿದ ಮೇಲೆ ಪುಟ ತೆರೆದು, "ಅಕ್ಕ, ನೀವು ಹಾಡೂದ್ರಾಗ ವಿವಾದಿ ಸ್ವರ ಬರ್ತದ" ಎಂದೆ. ರಾಗಕ್ಕೆ ಹೊಂದದ ಸ್ವರವೇ ವಿವಾದಿ, ಅದು ರಾಗಕ್ಕೆ ಹಗೆಯಿದ್ದಂತೆ ಎಂಬ ಸಾಲನ್ನು ಗಟ್ಟಿಯಾಗಿ ಓದಿದೆ. ಅದರ ಕೆಳಗೇ ಇನ್ನೊಂದು ಸಾಲಿತ್ತು — ಬಲ್ಲವರು ಚೆಲುವಿಗಾಗಿ ಅದನ್ನು ಬಳಸುವುದೂ ಉಂಟು ಎಂದು. ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದೆ. ಓದು ಬಾರದವರ ಮುಂದೆ ಮುಚ್ಚುವ ಅಗತ್ಯವಾದರೂ ಏನಿತ್ತು... ನನ್ನ ಕಣ್ಣಿಗೇ ಬೀಳದಿರಲಿ ಎಂದು ಮುಚ್ಚಿದೆನೋ ಏನೋ.

ವಿವಾದಿ ಎಂಬ ಶಬ್ದ ಅಕ್ಕನಿಗೆ ಬೇರೆಯಾಗಿಯೇ ಕೇಳಿಸಿತ್ತು. "ವಾದ ಮಾಡಾಕ ನಾ ಬಂದಿಲ್ರಿ ಮಾಸ್ತರ್ರ. ಹಾಡಾಕ ಬಂದೀನಿ" ಎಂದರು.

ವಾದ ಬೇರೆ, ವಿವಾದಿ ಬೇರೆ ಎಂದು ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ವಾರದಿಂದ ಅವರು ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕತೊಡಗಿದರು. ಮದುವೆಗಳಿಗೂ ಹೋಗಲಿಲ್ಲ. ಯಾರು ಕರೆದರೂ "ನನಗ ಶಾಸ್ತ್ರ ಬರಂಗಿಲ್ರಿ" ಎಂದುಬಿಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನುಡಿಸಲಾರದ ನಾನು ಅಕ್ಕನ ದನಿಯೇ ಡೊಂಕು ಎಂದೆ, ಊರು ನಂಬಿತು.

ಹೋದ ತಿಂಗಳು ಅಕ್ಕನ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು. ಹೆಂಗಸರು ಹಾಡು ಹಾಡು ಎಂದು ಬೆನ್ನು ಹತ್ತಿದರು. ಅಕ್ಕ ಹಾಡಿದರು — ಅದೇ, ಅವ್ವನ ಪದ. ಎರಡನೆಯ ಸಾಲು ಬಂದಾಗ ನಾನು ಕಿವಿಗೊಟ್ಟು ಕೂತಿದ್ದೆ. ದನಿ ನೇರ ಬಂದು ಕರಿ ಪಟ್ಟಿಯ ಗಾಂಧಾರದ ಮೇಲೆ ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಊಟಕ್ಕೆ ಕೂತಾಗ ಅವರೇ ಹತ್ತಿರ ಬಂದು, ನಾಚುತ್ತ ಹೇಳಿದರು: "ಸೊಸಿ ಫೋನಿನ್ಯಾಗ ಪೇಟಿ ಅದರಿ. ಅದರ ಜೋಡಿ ದಿನಾ ಕುಂತು ತಿದ್ದಿಕೊಂಡೀನಿ. ಈಗ ಸರಿ ಅದ ಏನ್ರಿ, ಮಾಸ್ತರ್ರ?"

"ಸರಿ ಅದ ಅಕ್ಕ" ಎಂದೆ. ಆ ಮುಖದಲ್ಲಿ ಅಷ್ಟೊಂದು ಸಂತೋಷ — ಬೇರೆ ಮಾತು ಬರಲಿಲ್ಲ. ಬರಲಿಲ್ಲ ಎಂಬುದೂ ಸುಳ್ಳು, ಬಂದಿತ್ತು, ನುಂಗಿಕೊಂಡೆ. ಶಾಸ್ತ್ರದ ಪ್ರಕಾರ ಆ ಹಾಡು ಸರಿಯಾಗಿಯೇ ಇತ್ತು. ಅವರ ಅವ್ವ ಮಾತ್ರ ಅದರಲ್ಲಿ ಇರಲಿಲ್ಲ.

ಖುಷಿಗೆ ಹಾಡುವವರಿಗೆ ಶಾಸ್ತ್ರ ಬೇಕೇ ಎಂದು ಈಗ ಕೇಳಿದರೆ ಏನು ಹೇಳಲಿ? ಬೇಡ ಎನ್ನಲಾರೆ. ಅಕ್ಕನ ದನಿ ನಿಂತ ಜಾಗ ದಾರಿ ತಪ್ಪಿದ್ದಲ್ಲ, ಅದಕ್ಕೂ ಒಂದು ನೆಲೆಯಿದೆ ಎಂದು ನನಗೆ ತಿಳಿದದ್ದು ಕಲಿತವರ ಹತ್ತಿರ ಹೋದದ್ದರಿಂದಲೇ. ಶಾಸ್ತ್ರ ಬೇಕಿದ್ದದ್ದು ನನಗೆ — ಅವರನ್ನು ತಿದ್ದುವುದಕ್ಕಲ್ಲ, ನಾಚಿಕೆಯಿಲ್ಲದೆ ಅವರ ಹಿಂದೆ ಹೋಗುವುದಕ್ಕೆ. ಅದನ್ನು ಕಲಿಯಲಿಲ್ಲ.

ಈ ಸೋಮವಾರ ಎಲ್ಲರ ಎದುರು ಪುಸ್ತಕದ ಎರಡೂ ಸಾಲು ಓದುತ್ತೇನೆ. ಗವಾಯಿಗಳ ಮಾತನ್ನೂ ಹೇಳುತ್ತೇನೆ. ಅಕ್ಕ ಕ್ಷಮಿಸಿಯಾರು, ಅವರ ಸ್ವಭಾವವೇ ಅಂಥದು. ನನಗೆ ಅಂಜಿಕೆ ಇರುವುದು ಅದರ ಮುಂದಿನ ಮಾತಿಗೆ — "ಹಂಗಾರ ಮೊದಲ ನಾ ಹೆಂಗ ಹಾಡ್ತಿದ್ನಿ, ತೋರಸ್ರಿ" ಎಂದುಬಿಟ್ಟರೆ? ಅವ್ವ ಈಗಿಲ್ಲ. ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಅಕ್ಕ ಕಷ್ಟಪಟ್ಟು ಮರೆತಿದ್ದಾರೆ. ಆ ಸ್ವರ ಈಗ ಉಳಿದಿರುವುದು ನನ್ನ ಕಿವಿಯಲ್ಲಿ ಮಾತ್ರ, ಮತ್ತು ನನಗೆ ಹಾಡಲು ಬರುವುದಿಲ್ಲ.