ಪೈಪಿಗೂ ಒಂದು ದಿನ ಸೂಟಿ

ಕಾಕಾ ನಕ್ಕರೆ ಮೊದಲು ಕಾಣುತ್ತಿದ್ದುದು ಅವರ ಎಡಗಡೆಯ ಕೋರೆಹಲ್ಲು. ವರ್ಷಗಟ್ಟಲೆ ತಂಬಾಕಿನ ಪೈಪು ಕಚ್ಚಿ ಕಚ್ಚಿ ಅದರ ತುದಿ ಸವೆದು ಒಂದು ಸಣ್ಣ ಗುಳಿ ಬಿದ್ದಿತ್ತು. ಬಾಯಲ್ಲಿ ಪೈಪು ಇಲ್ಲದಾಗಲೂ ತುಟಿಯ ಆ ಮೂಲೆ ತುಸು ತೆರೆದೇ ಇರುತ್ತಿತ್ತು. ನಿಪ್ಪಾಣಿ ಕಡೆಯವರು, ಲಂಡನ್ನಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳಕೊಂಡವರು. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮರದ ಬೇಲಿ. ರಕ್ತಸಂಬಂಧ ಏನೂ ಇರಲಿಲ್ಲ. ಧಾರವಾಡದವನಾದ ನನಗೆ ಆ ಬೀದಿಯಲ್ಲಿ ಕಾಕಾ ಅನ್ನಲು ಸಿಕ್ಕವರು ಅವರೊಬ್ಬರೇ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ವಿಮಾನಗಳಿಗೆ ಊಟ ಕಳಿಸುವ ಕಂಪನಿಯೊಂದರಲ್ಲಿದ್ದೆ. ಕಳಿಸುವುದು ಬೇರೆಯವರ ಕೆಲಸ. ತಿಂದು ಬಿಟ್ಟದ್ದು ವಾಪಸು ಬರುತ್ತದಲ್ಲ, ಅದು ನನ್ನ ಪಾಲು. ಅರ್ಧ ಕಚ್ಚಿದ ಬ್ರೆಡ್ಡು, ಲಿಪ್‌ಸ್ಟಿಕ್ ಹತ್ತಿದ ಲೋಟ, ಅಷ್ಟೂ ದೇಶಗಳ ಎಂಜಲು ಬೆಲ್ಟಿನ ಮೇಲೆ ನನ್ನೆದುರು ಸಾಲುಗಟ್ಟಿ ಬರುತ್ತಿತ್ತು. ಮನೆಗೆ ಬಂದವನೇ ಮೈ ಉಜ್ಜಿ ಉಜ್ಜಿ ಸ್ನಾನ ಮಾಡುತ್ತಿದ್ದೆ. ಹೆಂಡತಿ ರುಚಿ ನೋಡಿದ ಸೌಟನ್ನು ಮತ್ತೆ ಸಾರಿಗೆ ಹಾಕಿದರೆ ಸಿಡುಕುತ್ತಿದ್ದೆ. ನನ್ನ ಲೋಟವನ್ನು ಮಗಳು ಮುಟ್ಟುವಂತಿರಲಿಲ್ಲ. ಸುಸ್ತು ಅನ್ನುವುದು ಮೈಗೆ ಹತ್ತಿದ ಜಿಡ್ಡಿನಂತೆ ಆಗಿಹೋಗಿತ್ತು, ಎಷ್ಟು ಮಲಗಿದರೂ ಬಿಡುತ್ತಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ನಿಂತು ನಾನು ಗಬಗಬ ಸಿಗರೇಟು ಎಳೆಯುವುದನ್ನು ಕಂಡು ಕಾಕಾ ಒಮ್ಮೆ ಬೇಲಿಯಾಚೆಯಿಂದ ಕೇಳಿದರು: “ಏನಪಾ, ಪೊಲೀಸ್ರು ಬೆನ್ನ ಹತ್ಯಾರೇನು? ಕುಂತಾರ ಸೇದು.”

“ಕುಂದ್ರಾಕ ಟೈಮ್ ಎಲ್ಲೈತ್ರಿ ಕಾಕಾ?”

“ಅದಕ್ಕ ಪೈಪು ಹಿಡಿ. ಅವಸರ ಮಾಡಿದ್ರ ನಾಲಿಗಿ ಸುಡತೈತಿ. ತಾನ ನಿನ್ನ ಕುಂದರಸತೈತಿ.”

ಆ ಮಾತು ಹಿಡಿಸಿತು. ಮುಂದಿನ ವಾರವೇ ಸಂಡೇ ಮಾರ್ಕೆಟ್ಟಿನಿಂದ ಒಂದು ಪೈಪು ತಂದೆ. ಡೊಂಕಾದದ್ದು, ಭಾರಿ ದೊಡ್ಡದು, ತಂಬಾಕು ತುಂಬುವ ಬಟ್ಟಲಿನ ಮೇಲೆ ಗಡ್ಡದ ಮುದುಕನ ಮುಖ ಕೆತ್ತಿದ್ದರು, ಅದಕ್ಕೆ ಫಳಫಳ ವಾರ್ನಿಶ್. ಜೊತೆಗೆ ಚೆರ್ರಿ ಪರಿಮಳದ ತಂಬಾಕು. ವಾರ ಕಳೆಯುವುದರೊಳಗೆ ನಾಲಗೆ ಸುಟ್ಟು ಸಾರಿನ ಖಾರವೂ ತಿಳಿಯದಂತಾಯಿತು. ಕಾಕಾ ಅದನ್ನು ಕೈಯಲ್ಲಿ ತೂಗಿ ನೋಡಿ, “ಇದನ್ನ ಶೋಕೇಸಿನ್ಯಾಗ ಇಡು, ಬಂದವ್ರಿಗೆ ತೋರ್ಸಾಕ ಛಲೋ ಐತಿ” ಎಂದು ನಕ್ಕರು. ನನ್ನ ರಜೆಯ ದಿನ ನೋಡಿಕೊಂಡು ತಾವೇ ಹೊರಡಿಸಿದರು. ಹೌನ್ಸ್ಲೋವರೆಗೆ ಬಸ್ಸು, ಅಲ್ಲಿಂದ ನೆಲದಡಿಯ ಟ್ಯೂಬು ರೈಲು, ಪೇಟೆಯೊಳಗಿನ ಒಂದು ಹಳೆಯ ತಂಬಾಕಿನಂಗಡಿ.

ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಅವರು ಪೈಪು ಆರಿಸುತ್ತಿದ್ದರು. ಹಗುರ ಇದೆಯೇ ಎಂದು ಅಂಗೈಯಲ್ಲಿಟ್ಟು ನೋಡುವುದು, ಬೆಳಕಿಗೆ ಹಿಡಿದು ಹೊಗೆಯ ತೂತು ಬಟ್ಟಲಿನ ತಳಕ್ಕೇ ಬಂದಿದೆಯೇ ಎಂದು ಇಣುಕುವುದು, ವಾರ್ನಿಶ್ ಕಂಡರೆ ಮುಖ ಸಿಂಡರಿಸಿ ಪಕ್ಕಕ್ಕಿಡುವುದು. “ಕಟಗಿ ಉಸಿರಾಡಬೇಕೋ. ಮ್ಯಾಲ ಬಣ್ಣ ಬಡದ್ರ ಹೊಗಿ ಬಿಸಿ ಆಗತೈತಿ.” ತಂಬಾಕನ್ನು ಎರಡು ಬೆರಳ ನಡುವೆ ಒತ್ತಿ ಬಿಡುತ್ತಿದ್ದರು. ಉಂಡೆಗಟ್ಟಿದರೆ ಹಸಿ, ಪುಡಿಯಾದರೆ ತೀರ ಒಣಗಿದ್ದು, ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ಪರಿಮಳದ್ದು ಸದ್ಯಕ್ಕೆ ಬೇಡ, ಸಪ್ಪನೆಯದ್ದರಿಂದ ಶುರು ಮಾಡು ಎಂದರು. ಕೊನೆಗೆ ಸಣ್ಣ ಬಟ್ಟಲಿನ, ನೆಟ್ಟಗಿನ ಪೈಪೊಂದನ್ನು ನನ್ನ ಕೈಗಿಟ್ಟು, “ಇನ್ನೊಂದ ಬೇಕು” ಎಂದರು.

“ಒಬ್ಬಗ ಎರಡ್ಯಾಕ್ರಿ?”

“ಇವತ್ತ ಸೇದಿದ್ದು ನಾಳೆ ಒಣಗಬೇಕು. ಪೈಪಿಗೂ ಒಂದಿನ ಸೂಟಿ ಬೇಕೋ ತಮ್ಮಾ. ನಿನಗಂತೂ ಕೊಡವಲ್ರು, ಅದಕ್ಕಾರ ಕೊಡು.”

ಎರಡು ಹೊಸದು ಕೊಳ್ಳುವ ಸ್ಥಿತಿ ನನ್ನದಾಗಿರಲಿಲ್ಲ. ಕಾಕಾ ಯಾರೋ ಸೇದಿ ಬಿಟ್ಟ ಪೈಪುಗಳ ತಟ್ಟೆಯೊಂದನ್ನು ತೆಗೆಸಿದರು. ಹೊಸ ಅಗ್ಗದ್ದಕ್ಕಿಂತ ಹಳೆಯ ಒಳ್ಳೆಯದೇ ವಾಸಿ, ಪಳಗಿದ ಕಟ್ಟಿಗೆ, ಹೊಗೆ ತಣ್ಣಗೆ ಬರುತ್ತದೆ, ಸ್ಪಿರಿಟ್ ಹಾಕಿ ಸ್ವಚ್ಛ ಮಾಡಿಯೇ ಕೊಡುತ್ತಾರೆ ಎಂದೆಲ್ಲ ಹೇಳಿದರು. ನಾನು ಎತ್ತಿಕೊಂಡ ಪೈಪಿನ ತುದಿಯಲ್ಲಿ ಯಾರದೋ ಹಲ್ಲಿನ ಗುರುತಿತ್ತು. ಅದನ್ನು ತಟ್ಟೆಗೇ ಹಾಕಿಬಿಟ್ಟೆ.

“ಆಗೂದಿಲ್ರಿ ಕಾಕಾ! ದಿನಾ ಮಂದಿ ಎಂಜಲಾ ಬಳೀತೀನ್ರಿ. ಈಗ ಬಾಯಾಗೂ ಇಟ್ಕೋ ಅಂದ್ರ ಹ್ಯಾಂಗ್ರಿ?” ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ಅಂದಿದ್ದೆ.

ಕಾಕಾ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಟ್ಯೂಬಿನಲ್ಲಿ ಬರುವಾಗ, “ಒಂದರಾಗ ಸುರು ಮಾಡು. ದಿನ ಬಿಟ್ಟ ದಿನ ಸೇದಿದ್ರಾತು” ಎಂದರಷ್ಟೇ.

ಹಾಗೆ ಬೇಲಿಯ ಎರಡು ಬದಿಗೆ ಎರಡು ಕುರ್ಚಿ ಬಂದವು. ತಳಕ್ಕೆ ಸಡಿಲ, ಮೇಲೆ ತುಸು ಬಿಗಿ ಎಂದು ತಂಬಾಕು ತುಂಬುವುದನ್ನು ಅವರೇ ಕಲಿಸಿದರು. ಪದೇ ಪದೇ ಆರುತ್ತಿತ್ತು. “ಆರಲಿ ಬಿಡು, ಮತ್ತ ಹಚ್ಚಿದ್ರಾತು” ಅನ್ನುತ್ತಿದ್ದರು. ಸಿಗರೇಟು ತಾನಾಗಿ ಬಿಟ್ಟುಹೋಯಿತು. ಪೈಪಿನ ಸೂಟಿಯ ದಿನವೂ ನಾನು ಸುಮ್ಮನೆ ಹೋಗಿ ಕೂರುತ್ತಿದ್ದೆ. ಸೂಪರ್‌ವೈಸರನ ಮೇಲಿನ ಸಿಟ್ಟು, ಊರಿಗೆ ಹೋಗಲಾಗದ ಸಂಕಟ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು, ಎಲ್ಲವನ್ನೂ ಅವರ ಮುಂದೆ ಸುರಿಯುತ್ತಿದ್ದೆ. ಅವರು “ಹೂಂ” ಅನ್ನುತ್ತ ಹೊಗೆ ಬಿಡುತ್ತಿದ್ದರು. ಎದ್ದು ಒಳಗೆ ಬರುವಾಗ ನಾನು ಮನೆಯವರ ಜೊತೆ ಮಾತಾಡಬಹುದಾದ ಮನುಷ್ಯನಾಗಿರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವರ ನಾಲಗೆಯ ಅಂಚಿಗೆ ಹುಣ್ಣಾಯಿತು. ಬಡಾವಣೆಯ ಡಾಕ್ಟರು ನೋಡಿ ದೊಡ್ಡಾಸ್ಪತ್ರೆಗೆ ಕಳಿಸಿದರು. ನಾಲಗೆಯ ಒಂದು ಭಾಗ, ದವಡೆಯ ಒಂದು ತುಂಡು ತೆಗೆದರು. ಮಾತು ಹೋಯಿತು. ನನ್ನ ಪೈಪನ್ನು ಕಪಾಟಿನಲ್ಲಿಟ್ಟೆ. ಅವರ ಕಣ್ಣೆದುರು ಹೇಗೆ ಸೇದುವುದು? ಸುಳ್ಳು ಯಾಕೆ, ಹೆದರಿಕೆಯೂ ಆಗಿತ್ತು.

ಬಿಸಿಲು ಬಿದ್ದಿದ್ದ ಒಂದು ಮಧ್ಯಾಹ್ನ ಅವರನ್ನು ನೋಡಿಕೊಳ್ಳಲು ಬಂದಿದ್ದ ಮಗಳು ಬೇಲಿಗೆ ಬಂದು, ಅಪ್ಪ ನಿಮ್ಮನ್ನು ಕರೆಯುತ್ತಿದ್ದಾರೆ, ಏನು ಬೇಕೋ ನನಗೆ ತಿಳಿಯುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹೋದೆ. ಕಾಕಾ ಕಂಬಳಿ ಹೊದ್ದು ಹಿತ್ತಲಲ್ಲಿ ಕೂತಿದ್ದರು. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ತೊಡೆಯ ಮೇಲಿದ್ದ ತಮ್ಮ ಪೈಪನ್ನೂ ತಂಬಾಕಿನ ಡಬ್ಬಿಯನ್ನೂ ನನ್ನತ್ತ ಚಾಚಿದರು. ನನ್ನ ಬಾಯಿ ತೋರಿಸಿದರು, ತಮ್ಮ ಮೂಗು ತೋರಿಸಿದರು. ನೀನು ಸೇದು, ನನಗೆ ವಾಸನೆ ಬರಲಿ.

“ನನ್ನ ಪೈಪ್ ತರತೀನ್ರಿ” ಎಂದೆ. ಬೇಡವೆಂದು ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದುದು ಆ ಕಟ್ಟಿಗೆಯ ವಾಸನೆ. ನಾನು ಕೈ ಚಾಚುವುದರೊಳಗೆ ಅವರಿಗೇ ಏನೋ ನೆನಪಾಯಿತು. ಪೈಪನ್ನು ಹಿಂದಕ್ಕೆಳೆದುಕೊಂಡು, ಅದರ ತುದಿಯನ್ನು ಕರವಸ್ತ್ರದಿಂದ ಒರೆಸತೊಡಗಿದರು. ಒರೆಸಿದರು, ನನ್ನ ಮುಖ ನೋಡಿದರು, ಕರವಸ್ತ್ರ ತಿರುವಿ ಮತ್ತೆ ಒರೆಸಿದರು. 

“ಸಾಕ್ರಿ ಕಾಕಾ,” ಎಂದು ಇಸಿದುಕೊಂಡೆ. ತುಂಬಿ, ಹಚ್ಚಿ, ಬಾಯಿಗಿಟ್ಟೆ. ಅವರ ಹಲ್ಲಿನ ಗುರುತು ನನ್ನ ಹಲ್ಲಿಗೆ ಸಿಕ್ಕಿತು. ಹೇಸಿಕೆ ಬರುತ್ತದೆಂದು ಕಾದೆ, ಬರಲಿಲ್ಲ, ಅಳು ಬಂತು. ಗಾಳಿ ನೋಡಿ ಅವರ ಕಡೆಗೆ ಹೊಗೆ ಬಿಟ್ಟೆ. ಕಾಕಾ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಆಮೇಲೂ ಕೆಲವು ಸಲ ಹೋಗಿ ಹಾಗೆ ಸೇದಿ ಬಂದೆ. ಚಳಿ ಬೀಳುವ ಮೊದಲೇ ಅವರು ಹೋದರು. ಎಂಜಲು ಬಳಿದು ದುಡಿದ ಆ ವರ್ಷಗಳಲ್ಲಿ ನಾನು ಮನುಷ್ಯರನ್ನು ಕಂಡರೇ ಹೇಸುವವನಾಗದೆ ಉಳಿದದ್ದು ಅವರಿಂದ. ಈ ಋಣವನ್ನು ಅವರಿಗೆ ಬಾಯಿಬಿಟ್ಟು ಹೇಳಿದ್ದಿಲ್ಲ.

ಅವರ ಮನೆಗೆ ಬೇರೆಯವರು ಬಂದರು. ಒಂದು ಸಂಜೆ ಕೆಲಸದಿಂದ ಬಂದವನೇ ಕಪಾಟಿನಿಂದ ನನ್ನ ಪೈಪು ತೆಗೆದು ಹಚ್ಚಿ ಹಿತ್ತಲಲ್ಲಿ ಕೂತೆ. ಮೈ ಹಣ್ಣಾಗಿತ್ತು, ಹೇಳಿಕೊಳ್ಳುವುದೂ ಬೇಕಾದಷ್ಟಿತ್ತು. ಆಚೆ ಹೊಸ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಹೊಗೆಯನ್ನು ನೋಡಿ, ನನ್ನನ್ನು ನೋಡಿ, ಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಹಗ್ಗದಿಂದ ತೆಗೆಯತೊಡಗಿದಳು. ಪೈಪು ಆರಿಸಿ, ಕುರ್ಚಿ ಮಡಚಿಕೊಂಡು ಒಳಗೆ ಬಂದೆ.